ನೋಟಾ (ಭಾರತ)

ನೋಟಾ ಎಂಬುದು ಭಾರತದ ಚುನಾವಣೆಗಳಲ್ಲಿ, ಕಣದಲ್ಲಿರುವ ಯಾವ ಅಭ್ಯರ್ಥಿಗೂ ತನ್ನ ಬೆಂಬಲವಿಲ್ಲವೆಂದು ಮತದಾರನು ಗೋಪ್ಯವಾಗಿ ದಾಖಲಿಸಲು ಒದಗಿಸಲಾಗಿರುವ ಆಯ್ಕೆಯಾಗಿದೆ. 'ನನ್ ಆಫ್ ದಿ ಅಬವ್' ಎಂಬ ಇಂಗ್ಲಿಷ್ ಪದಗುಚ್ಛದ ಮೊದಲ ಅಕ್ಷರಗಳಿಂದ ಈ ಹೆಸರು ಬಂದಿದ್ದು, 'ಮೇಲಿನ ಯಾರೂ ಅಲ್ಲ' ಎಂಬುದು ಇದರ ಅರ್ಥ. ಸರ್ವೋಚ್ಚ ನ್ಯಾಯಾಲಯವು 2013ರ ಸೆಪ್ಟೆಂಬರ್ 27ರಂದು ನೀಡಿದ ತೀರ್ಪಿನ ಮೇರೆಗೆ ಭಾರತದ ಚುನಾವಣಾ ಆಯೋಗವು ಇದನ್ನು ಜಾರಿಗೆ ತಂದಿತು. ನೋಟಾ ಮತಗಳನ್ನು ಎಣಿಸಿ ಪ್ರಕಟಿಸಲಾಗುತ್ತದೆಯಾದರೂ ಲೋಕಸಭೆ ಮತ್ತು ವಿಧಾನಸಭೆ ಚುನಾವಣೆಗಳಲ್ಲಿ ಅವು ಗೆಲುವು–ಸೋಲನ್ನು ನಿರ್ಧರಿಸುವುದಿಲ್ಲ. ಈ ಕಾರಣದಿಂದ, ಮನಸ್ಸಿಗೆ ಪೂರ್ತಿ ಒಪ್ಪದ ಅಭ್ಯರ್ಥಿಗಳ ನಡುವೆ ಕಡಿಮೆ ಕೆಟ್ಟವನನ್ನು ಆರಿಸಬೇಕೇ ಅಥವಾ ತತ್ತ್ವಕ್ಕೆ ಬದ್ಧನಾಗಿ ಎಲ್ಲರನ್ನೂ ನಿರಾಕರಿಸಬೇಕೇ ಎಂಬ ಹಳೆಯ ಚರ್ಚೆಗೆ ನೋಟಾ ಹೊಸ ರೂಪ ನೀಡಿದೆ.

## ಹಿನ್ನೆಲೆ

### ಶಾಸನಸಭೆಗಳ ಬಹಿಷ್ಕಾರ (1920–1924)

ಚುನಾವಣೆಯಿಂದ ದೂರ ಉಳಿಯುವುದು ಪರಿಣಾಮಕಾರಿಯೇ ಎಂಬ ಪ್ರಶ್ನೆ ಭಾರತದಲ್ಲಿ ಸ್ವಾತಂತ್ರ್ಯಪೂರ್ವದಲ್ಲಿಯೇ ವ್ಯಾಪಕವಾಗಿ ಚರ್ಚೆಗೆ ಒಳಗಾಗಿತ್ತು. 1919ರ ಭಾರತ ಸರ್ಕಾರ ಕಾಯ್ದೆಯನ್ವಯ ರಚಿತವಾದ ಶಾಸನಸಭೆಗಳಿಗೆ 1920ರಲ್ಲಿ ಚುನಾವಣೆ ನಡೆದಾಗ, ಅಸಹಕಾರ ಚಳವಳಿಯ ಅಂಗವಾಗಿ ಭಾರತೀಯ ರಾಷ್ಟ್ರೀಯ ಕಾಂಗ್ರೆಸ್ ಅದನ್ನು ಬಹಿಷ್ಕರಿಸಿತು. ಆದರೆ ಸ್ಥಾನಗಳು ಖಾಲಿ ಉಳಿಯಲಿಲ್ಲ. ಉದಾರವಾದಿಗಳು ಮತ್ತು ಇತರ ಪಕ್ಷಗಳವರು ಸ್ಪರ್ಧಿಸಿ ಆಯ್ಕೆಯಾದರು. ಮದ್ರಾಸ್ ಪ್ರಾಂತ್ಯದಲ್ಲಿ ಜಸ್ಟಿಸ್ ಪಕ್ಷವು ಅಧಿಕಾರಕ್ಕೆ ಬಂದಿತು.

ಅಸಹಕಾರ ಚಳವಳಿ ಸ್ಥಗಿತಗೊಂಡ ನಂತರ ಕಾಂಗ್ರೆಸ್ಸಿನಲ್ಲಿ ಎರಡು ಬಣಗಳು ಮೂಡಿದವು. ಶಾಸನಸಭೆಗಳನ್ನು ಪ್ರವೇಶಿಸಿ ಒಳಗಿನಿಂದಲೇ ಸರ್ಕಾರವನ್ನು ಎದುರಿಸಬೇಕೆಂದು ಚಿತ್ತರಂಜನ್ ದಾಸ್ ಮತ್ತು ಮೋತಿಲಾಲ್ ನೆಹರೂ ವಾದಿಸಿದರು. ಬಹಿಷ್ಕಾರವನ್ನು ಬದಲಿಸಕೂಡದೆಂದು ಸಿ. ರಾಜಗೋಪಾಲಾಚಾರಿ ಮೊದಲಾದವರು ಪಟ್ಟು ಹಿಡಿದರು. 1922ರ ಡಿಸೆಂಬರಿನ ಗಯಾ ಅಧಿವೇಶನದಲ್ಲಿ ಪ್ರವೇಶವಾದಿಗಳಿಗೆ ಸೋಲಾಯಿತು. ಅವರು 1923ರಲ್ಲಿ ಸ್ವರಾಜ್ ಪಕ್ಷವನ್ನು ಕಟ್ಟಿ ಅದೇ ವರ್ಷದ ಚುನಾವಣೆಯಲ್ಲಿ ಸ್ಪರ್ಧಿಸಿ ಗಣನೀಯ ಸ್ಥಾನಗಳನ್ನು ಪಡೆದರು. ಬಹಿಷ್ಕಾರದ ಪರವಾಗಿದ್ದ ಮಹಾತ್ಮ ಗಾಂಧಿಯವರು 1924ರಲ್ಲಿ ಸ್ವರಾಜ್ ಪಕ್ಷದ ನಾಯಕರೊಡನೆ ಒಪ್ಪಂದ ಮಾಡಿಕೊಂಡರು. ಕಾಂಗ್ರೆಸ್ಸಿನ ಪರವಾಗಿ ಶಾಸನಸಭೆಗಳಲ್ಲಿ ಕೆಲಸ ಮಾಡಲು ಆ ಪಕ್ಷಕ್ಕೆ ಅವಕಾಶ ನೀಡಿದ ಈ ಒಪ್ಪಂದಕ್ಕೆ, ಗಾಂಧಿಯವರ ಅಧ್ಯಕ್ಷತೆಯಲ್ಲಿ ಅದೇ ವರ್ಷದ ಡಿಸೆಂಬರಿನಲ್ಲಿ ನಡೆದ ಬೆಳಗಾವಿ ಅಧಿವೇಶನದಲ್ಲಿ ಅನುಮೋದನೆ ದೊರೆಯಿತು.

### ನಿಯಮ 49-ಓ

ಸ್ವತಂತ್ರ ಭಾರತದ ಕಾನೂನು ಮತ ಚಲಾಯಿಸದಿರುವುದನ್ನು ಅಪರಾಧವೆಂದು ಪರಿಗಣಿಸಿಲ್ಲ. ಜನಪ್ರಾತಿನಿಧ್ಯ ಕಾಯ್ದೆ, 1951ರ 79(ಡಿ) ಪ್ರಕರಣವು ಚುನಾವಣಾ ಹಕ್ಕನ್ನು ವಿವರಿಸುವಾಗ ಮತ ನೀಡುವ ಹಕ್ಕಿನೊಡನೆ ಮತ ನೀಡದಿರುವ ಹಕ್ಕನ್ನೂ ಸೇರಿಸಿದೆ. ಚುನಾವಣೆ ನಡೆಸುವ ನಿಯಮಗಳು, 1961ರ 49-ಓ ನಿಯಮದ ಪ್ರಕಾರ, ಮತಗಟ್ಟೆಗೆ ಬಂದು ನಮೂನೆ 17-ಎ ವಹಿಯಲ್ಲಿ ಹೆಸರು ದಾಖಲಾದ ನಂತರವೂ ಮತದಾರನು ಮತ ಚಲಾಯಿಸದಿರಲು ತೀರ್ಮಾನಿಸಬಹುದಿತ್ತು. ಆಗ ಅಧಿಕಾರಿಯು ವಹಿಯಲ್ಲಿ ಷರಾ ಬರೆದು, ಅದರ ಎದುರು ಮತದಾರನ ಸಹಿ ಅಥವಾ ಹೆಬ್ಬೆಟ್ಟಿನ ಗುರುತನ್ನು ಪಡೆಯುತ್ತಿದ್ದನು.

ಈ ವಿಧಾನದಲ್ಲಿ ಗೋಪ್ಯತೆ ಇರಲಿಲ್ಲ. ಕಾಗದದ ಮತಪತ್ರವಿದ್ದ ಕಾಲದಲ್ಲಿ ಗುರುತು ಹಾಕದ ಪತ್ರವನ್ನು ಯಾರಿಗೂ ತಿಳಿಯದಂತೆ ಪೆಟ್ಟಿಗೆಗೆ ಹಾಕಲು ಸಾಧ್ಯವಿತ್ತು. ವಿದ್ಯುನ್ಮಾನ ಮತಯಂತ್ರದಲ್ಲಿ ಗುಂಡಿ ಒತ್ತಿದಾಗ ಮಾತ್ರ ಶಬ್ದ ಕೇಳಿಬರುವುದರಿಂದ, ಮತ ನೀಡದೆ ಹೊರಬಂದವನು ಯಾರೆಂಬುದು ಮತಗಟ್ಟೆಯ ಅಧಿಕಾರಿಗಳಿಗೂ ಪಕ್ಷಗಳ ಏಜೆಂಟರಿಗೂ ತಿಳಿದುಬಿಡುತ್ತಿತ್ತು.

## ಸರ್ವೋಚ್ಚ ನ್ಯಾಯಾಲಯದ ತೀರ್ಪು

ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್ (ಪಿಯುಸಿಎಲ್) ಸಂಘಟನೆಯು 2004ರಲ್ಲಿ ಈ ನಿಯಮಗಳನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯಕ್ಕೆ ರಿಟ್ ಅರ್ಜಿ ಸಲ್ಲಿಸಿತು. ಮುಖ್ಯ ನ್ಯಾಯಮೂರ್ತಿ ಪಿ. ಸದಾಶಿವಂ, ನ್ಯಾಯಮೂರ್ತಿಗಳಾದ ರಂಜನಾ ಪ್ರಕಾಶ್ ದೇಸಾಯಿ ಮತ್ತು ರಂಜನ್ ಗೊಗೊಯ್ ಅವರಿದ್ದ ಪೀಠವು 2013ರಲ್ಲಿ ತೀರ್ಪು ನೀಡಿತು. ತೀರ್ಪಿನ ಮುಖ್ಯಾಂಶಗಳು ಹೀಗಿವೆ:

- ಮತ ನೀಡುವವನಿಗೆ ಇರುವ ಗೋಪ್ಯತೆಯ ರಕ್ಷಣೆ ಮತ ನಿರಾಕರಿಸುವವನಿಗೂ ಇರಬೇಕು. ಇಬ್ಬರ ನಡುವೆ ಭೇದ ಮಾಡುವುದಕ್ಕೆ ಆಧಾರವಿಲ್ಲ.
- ಅಭ್ಯರ್ಥಿಗಳನ್ನು ಒಪ್ಪದಿರುವುದನ್ನು ವ್ಯಕ್ತಪಡಿಸುವುದು ಸಂವಿಧಾನದ 19(1)(ಎ) ವಿಧಿಯ ಅಭಿವ್ಯಕ್ತಿ ಸ್ವಾತಂತ್ರ್ಯದ ವ್ಯಾಪ್ತಿಗೆ ಬರುತ್ತದೆ.
- ಗೋಪ್ಯತೆಗೆ ಧಕ್ಕೆ ತರುವಷ್ಟರ ಮಟ್ಟಿಗೆ 41(2), 41(3) ಮತ್ತು 49-ಓ ನಿಯಮಗಳು ಅಸಿಂಧು.
- ಮತಪತ್ರ ಮತ್ತು ಮತಯಂತ್ರಗಳಲ್ಲಿ ನೋಟಾ ಆಯ್ಕೆಯನ್ನು ಚುನಾವಣಾ ಆಯೋಗವು ಒದಗಿಸಬೇಕು.

ಹೆಚ್ಚಿನ ಸಂಖ್ಯೆಯ ಜನರು ನಿರಾಕರಣೆಯನ್ನು ದಾಖಲಿಸಿದರೆ ಪಕ್ಷಗಳು ಉತ್ತಮ ಚಾರಿತ್ರ್ಯದ ಅಭ್ಯರ್ಥಿಗಳನ್ನು ನಿಲ್ಲಿಸಬೇಕಾದ ಒತ್ತಡಕ್ಕೆ ಒಳಗಾಗುತ್ತವೆ ಎಂಬ ನಿರೀಕ್ಷೆಯನ್ನು ನ್ಯಾಯಾಲಯವು ವ್ಯಕ್ತಪಡಿಸಿತು. ಆದರೆ ನೋಟಾ ಹೆಚ್ಚು ಮತ ಗಳಿಸಿದರೆ ಚುನಾವಣೆಯನ್ನು ರದ್ದುಗೊಳಿಸಬೇಕೆಂದು ಅದು ಆದೇಶಿಸಲಿಲ್ಲ.

## ಕಾರ್ಯವಿಧಾನ

ಮತಯಂತ್ರದಲ್ಲಿ ಕೊನೆಯ ಅಭ್ಯರ್ಥಿಯ ಹೆಸರಿನ ನಂತರ ನೋಟಾ ಗುಂಡಿ ಇರುತ್ತದೆ. ಒಂದು ಬ್ಯಾಲೆಟ್ ಯೂನಿಟ್‌ನಲ್ಲಿ 16 ಗುಂಡಿಗಳಿದ್ದು, ಒಂದು ನೋಟಾಕ್ಕೆ ಮೀಸಲಾಗುವುದರಿಂದ ಅಭ್ಯರ್ಥಿಗಳ ಸಂಖ್ಯೆ 15ನ್ನು ಮೀರಿದರೆ ಎರಡನೆಯ ಯೂನಿಟ್ ಜೋಡಿಸಬೇಕಾಗುತ್ತದೆ. 2015ರ ಸೆಪ್ಟೆಂಬರಿನಲ್ಲಿ ನೋಟಾಕ್ಕೆ ಪ್ರತ್ಯೇಕ ಚಿಹ್ನೆಯನ್ನು ನೀಡಲಾಯಿತು. ಮತಪತ್ರದ ಮೇಲೆ ಕಪ್ಪು ಕತ್ತರಿ ಗುರುತಿರುವ ಈ ಚಿಹ್ನೆಯನ್ನು ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ರೂಪಿಸಿತು.

### ಫಲಿತಾಂಶದ ಮೇಲಿನ ಪರಿಣಾಮ

ಚುನಾವಣೆ ನಡೆಸುವ ನಿಯಮಗಳ 64ನೇ ನಿಯಮದಂತೆ ಅಭ್ಯರ್ಥಿಗಳ ಪೈಕಿ ಹೆಚ್ಚು ಮತ ಪಡೆದವರನ್ನೇ ಆಯ್ಕೆಯಾದವರೆಂದು ಘೋಷಿಸಲಾಗುತ್ತದೆ. ನೋಟಾ ಅಭ್ಯರ್ಥಿಯಲ್ಲ. ಉದಾಹರಣೆಗೆ, 1,000 ಮತಗಳಲ್ಲಿ ಮೊದಲನೆಯ ಅಭ್ಯರ್ಥಿಗೆ 200, ಎರಡನೆಯವರಿಗೆ 190 ಮತ್ತು ನೋಟಾಕ್ಕೆ 610 ಮತಗಳು ಬಂದರೂ ಮೊದಲನೆಯ ಅಭ್ಯರ್ಥಿಯೇ ವಿಜೇತ. ಠೇವಣಿ ಉಳಿಸಿಕೊಳ್ಳಲು ಅಭ್ಯರ್ಥಿಯು ಸಿಂಧುವಾದ ಮತಗಳ ಆರನೇ ಒಂದು ಭಾಗಕ್ಕಿಂತ ಹೆಚ್ಚು ಪಡೆಯಬೇಕು. ಈ ಲೆಕ್ಕದಲ್ಲಿಯೂ ನೋಟಾ ಮತಗಳನ್ನು ಸೇರಿಸುವುದಿಲ್ಲ.

ಹೀಗಾಗಿ, ಯಾರು ಗೆಲ್ಲಬೇಕೆಂಬ ದೃಷ್ಟಿಯಿಂದ ಮಾತ್ರ ನೋಡಿದರೆ ನೋಟಾ ಒತ್ತುವುದಕ್ಕೂ ಮನೆಯಲ್ಲಿ ಉಳಿಯುವುದಕ್ಕೂ ವ್ಯತ್ಯಾಸವಿಲ್ಲ. ದಾಖಲೆಯ ದೃಷ್ಟಿಯಿಂದ ವ್ಯತ್ಯಾಸವಿದೆ: ಮತಗಟ್ಟೆಗೆ ಬಾರದವನು ಉದಾಸೀನನೋ, ಅನಾರೋಗ್ಯಪೀಡಿತನೋ, ಊರಿನಲ್ಲಿ ಇಲ್ಲದವನೋ ಎಂಬುದು ಅಂಕಿಅಂಶಗಳಿಂದ ತಿಳಿಯುವುದಿಲ್ಲ, ನೋಟಾ ಮತದಾರನ ನಿರಾಕರಣೆಯು ಎಣಿಕೆಗೆ ಸಿಗುತ್ತದೆ. ಜೊತೆಗೆ, ಅವನ ಹೆಸರಿನಲ್ಲಿ ಬೇರೊಬ್ಬರು ಕಳ್ಳಮತ ಚಲಾಯಿಸುವ ಅವಕಾಶವೂ ತಪ್ಪುತ್ತದೆ.

## ಚುನಾವಣೆಗಳಲ್ಲಿ ಬಳಕೆ

ನೋಟಾವನ್ನು ಮೊದಲಿಗೆ 2013ರ ನವೆಂಬರ್–ಡಿಸೆಂಬರಿನಲ್ಲಿ ಛತ್ತೀಸಗಢ, ಮಧ್ಯಪ್ರದೇಶ, ರಾಜಸ್ಥಾನ, ದೆಹಲಿ ಮತ್ತು ಮಿಜೋರಂ ವಿಧಾನಸಭಾ ಚುನಾವಣೆಗಳಲ್ಲಿ ಬಳಸಲಾಯಿತು. ಲೋಕಸಭಾ ಚುನಾವಣೆಗಳಲ್ಲಿ 2014ರಲ್ಲಿ ಸುಮಾರು 60 ಲಕ್ಷ, 2019ರಲ್ಲಿ ಸುಮಾರು 65 ಲಕ್ಷ ಮತ್ತು 2024ರಲ್ಲಿ ಸುಮಾರು 64 ಲಕ್ಷ ನೋಟಾ ಮತಗಳು ದಾಖಲಾದವು. ಮೂರು ಸಲವೂ ಇದರ ಪ್ರಮಾಣ ಒಟ್ಟು ಮತಗಳ ಶೇ. 1ರ ಆಸುಪಾಸಿನಲ್ಲಿಯೇ ಇತ್ತು.

ರಾಷ್ಟ್ರಮಟ್ಟದ ಸರಾಸರಿ ಕಡಿಮೆಯಿದ್ದರೂ, ಮತದಾರರ ಆಯ್ಕೆಯ ವ್ಯಾಪ್ತಿ ಕುಗ್ಗಿದ ಕೆಲವು ಕ್ಷೇತ್ರಗಳಲ್ಲಿ ನೋಟಾ ಮತಗಳು ಗಮನಾರ್ಹವಾಗಿ ಏರಿವೆ:

- ನೀಲಗಿರಿ (2014): 46,559 ನೋಟಾ ಮತಗಳು ಬಿದ್ದವು. ಆ ಚುನಾವಣೆಯಲ್ಲಿ ಇದು ದೇಶದಲ್ಲಿಯೇ ಅತಿ ಹೆಚ್ಚು. ಇಲ್ಲಿ ಭಾರತೀಯ ಜನತಾ ಪಕ್ಷದ ಅಭ್ಯರ್ಥಿಯ ನಾಮಪತ್ರ ತಿರಸ್ಕೃತವಾಗಿತ್ತು.
- ಅಂಧೇರಿ ಪೂರ್ವ (2022ರ ಉಪಚುನಾವಣೆ): ಪ್ರಮುಖ ಎದುರಾಳಿ ಪಕ್ಷವು ತನ್ನ ಅಭ್ಯರ್ಥಿಯನ್ನು ಹಿಂತೆಗೆದುಕೊಂಡ ಈ ಚುನಾವಣೆಯಲ್ಲಿ 12,806 ಮತಗಳೊಂದಿಗೆ ನೋಟಾ ಎರಡನೆಯ ಸ್ಥಾನದಲ್ಲಿತ್ತು.
- ಇಂದೋರ್ (2024): ಕಾಂಗ್ರೆಸ್ ಅಭ್ಯರ್ಥಿಯು ಕೊನೆಯ ದಿನ ನಾಮಪತ್ರ ಹಿಂಪಡೆದ ನಂತರ ಆ ಪಕ್ಷವು ನೋಟಾ ಒತ್ತುವಂತೆ ಮತದಾರರಿಗೆ ಕರೆ ನೀಡಿತು. 2,18,674 ನೋಟಾ ಮತಗಳು ಬಿದ್ದವು. ವಿಜೇತ ಅಭ್ಯರ್ಥಿ ಶಂಕರ್ ಲಾಲ್ವಾನಿ 12,26,751 ಮತ ಪಡೆದರು; ಅಭ್ಯರ್ಥಿಗಳ ಪೈಕಿ ಎರಡನೆಯ ಸ್ಥಾನದಲ್ಲಿದ್ದವರಿಗೆ 51,659 ಮತಗಳು ಮಾತ್ರ ದೊರೆತವು.

ಇಂದೋರ್ ಪ್ರಕರಣವನ್ನು ಎರಡೂ ಪಕ್ಷಗಳ ವಾದಕ್ಕೆ ಉದಾಹರಣೆಯಾಗಿ ನೀಡಲಾಗುತ್ತದೆ. ಎರಡು ಲಕ್ಷಕ್ಕೂ ಹೆಚ್ಚು ಜನರ ಅಸಮಾಧಾನ ದಾಖಲೆಗೆ ಬಂದದ್ದು ನೋಟಾದಿಂದಲೇ. ಆದರೆ ಅದರಿಂದ ಫಲಿತಾಂಶ ಬದಲಾಗಲಿಲ್ಲ, ಮರುಚುನಾವಣೆಯೂ ನಡೆಯಲಿಲ್ಲ.

ಮೀಸಲು ಕ್ಷೇತ್ರಗಳಲ್ಲಿ ಹಾಗೂ ಮಾವೋವಾದಿ ಪ್ರಭಾವವಿದ್ದ ಪ್ರದೇಶಗಳಲ್ಲಿಯೂ ನೋಟಾ ಪ್ರಮಾಣ ಹೆಚ್ಚಿರುವುದು ಕಂಡುಬಂದಿದೆ. ಬಿಹಾರದ ಗೋಪಾಲಗಂಜ್ ಮೀಸಲು ಕ್ಷೇತ್ರದಲ್ಲಿ 2019ರಲ್ಲಿ 51,660 ನೋಟಾ ಮತಗಳಿದ್ದವು. ಇದನ್ನು ಕೆಲವರು ವ್ಯವಸ್ಥೆಯ ವಿರುದ್ಧದ ಪ್ರತಿಭಟನೆಯೆಂದು, ಇನ್ನು ಕೆಲವರು ಮೀಸಲಾತಿಗೆ ಇತರ ಸಮುದಾಯಗಳ ವಿರೋಧವೆಂದು, ಮತ್ತೆ ಕೆಲವರು ಮತಯಂತ್ರದ ಬಗೆಗಿನ ಅಪರಿಚಯದ ಫಲವೆಂದು ವ್ಯಾಖ್ಯಾನಿಸಿದ್ದಾರೆ. ಕಾರಣವನ್ನು ತಿಳಿಸಲು ಅವಕಾಶವಿಲ್ಲದಿರುವುದು ನೋಟಾದ ಮಿತಿಗಳಲ್ಲೊಂದು.

### ಕರ್ನಾಟಕದಲ್ಲಿ

ಕರ್ನಾಟಕದ 2013ರ ವಿಧಾನಸಭಾ ಚುನಾವಣೆಯು ಸರ್ವೋಚ್ಚ ನ್ಯಾಯಾಲಯದ ತೀರ್ಪಿಗೂ ಮುನ್ನ, ಮೇ ತಿಂಗಳಿನಲ್ಲಿ ನಡೆದಿದ್ದರಿಂದ ಅದರಲ್ಲಿ ನೋಟಾ ಇರಲಿಲ್ಲ. 2018ರ ವಿಧಾನಸಭಾ ಚುನಾವಣೆಯಲ್ಲಿ ಸುಮಾರು 3.2 ಲಕ್ಷ (ಶೇ. 0.9) ಮತ್ತು 2023ರಲ್ಲಿ ಸುಮಾರು 2.7 ಲಕ್ಷ (ಶೇ. 0.7) ನೋಟಾ ಮತಗಳು ಚಲಾವಣೆಯಾದವು.

ಒಂದೊಂದು ಮತದ ಬೆಲೆಯನ್ನು ಕುರಿತ ಚರ್ಚೆಯಲ್ಲಿ ರಾಜ್ಯದ ಕೆಲವು ಫಲಿತಾಂಶಗಳು ಪದೇಪದೇ ಪ್ರಸ್ತಾಪವಾಗುತ್ತವೆ. 2004ರಲ್ಲಿ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಅವರು 40,752 ಮತ ಪಡೆದು, 40,751 ಮತ ಪಡೆದ ಎ.ಆರ್. ಕೃಷ್ಣಮೂರ್ತಿ ಅವರನ್ನು ಒಂದೇ ಮತದಿಂದ ಸೋಲಿಸಿದರು. 2023ರಲ್ಲಿ ಬೆಂಗಳೂರಿನ ಜಯನಗರ ಕ್ಷೇತ್ರದಲ್ಲಿ ಮರು ಎಣಿಕೆಯ ನಂತರ ಘೋಷಿತವಾದ ಅಂತರ 16 ಮತಗಳು. ನೋಟಾ ಮತಗಳು ಈ ಅಂತರಕ್ಕಿಂತ ಹೆಚ್ಚಾಗಿದ್ದವು. ಆದರೆ ನೋಟಾ ಇಲ್ಲದಿದ್ದರೆ ಆ ಮತಗಳು ಯಾರಿಗೆ ಹೋಗುತ್ತಿದ್ದವು, ಆ ಮತದಾರರು ಮತಗಟ್ಟೆಗೆ ಬರುತ್ತಿದ್ದರೇ ಎಂಬುದನ್ನು ಹೇಳಲಾಗದ ಕಾರಣ, ನೋಟಾ ಮತಗಳು ಗೆಲುವಿನ ಅಂತರವನ್ನು ಮೀರಿದ ಮಾತ್ರಕ್ಕೆ ಅದರಿಂದಲೇ ಫಲಿತಾಂಶ ಬದಲಾಯಿತೆಂದು ತೀರ್ಮಾನಿಸಲಾಗದು.

ರಸ್ತೆ, ಕುಡಿಯುವ ನೀರು, ಸೇತುವೆ ಮೊದಲಾದ ಬೇಡಿಕೆಗಳಿಗಾಗಿ ಇಡೀ ಗ್ರಾಮವೇ ಮತದಾನ ಬಹಿಷ್ಕರಿಸುವ ಪದ್ಧತಿಯೂ ರಾಜ್ಯದಲ್ಲಿದೆ. ಇದು ನೋಟಾಕ್ಕಿಂತ ಭಿನ್ನ. ಬಹಿಷ್ಕಾರವು ಬಹಿರಂಗ ಹಾಗೂ ಸಾಮೂಹಿಕವಾಗಿದ್ದು, ನಿರ್ದಿಷ್ಟ ಬೇಡಿಕೆಯನ್ನು ಮುಂದಿಡುತ್ತದೆ. ಅಧಿಕಾರಿಗಳು ಗ್ರಾಮಕ್ಕೆ ಬಂದು ಮಾತುಕತೆ ನಡೆಸಿ ಮನವೊಲಿಸುವುದೂ ಉಂಟು. ನೋಟಾ ವೈಯಕ್ತಿಕ ಹಾಗೂ ಗೋಪ್ಯವಾದುದು. ಊರಿನ ಬಹಿಷ್ಕಾರದಲ್ಲಿ ಮತ ನೀಡಬಯಸುವ ವ್ಯಕ್ತಿಯ ಮೇಲೆ ಒತ್ತಡ ಬೀಳುವ ಸಾಧ್ಯತೆಯಿದ್ದರೆ, ನೋಟಾದಲ್ಲಿ ಆ ಸಮಸ್ಯೆಯಿಲ್ಲ.

## ನೈತಿಕ ಚರ್ಚೆ

ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್ 1919ರಲ್ಲಿ ರಾಜಕಾರಣವನ್ನು ಕುರಿತ ಉಪನ್ಯಾಸದಲ್ಲಿ ಎರಡು ಬಗೆಯ ನೀತಿಗಳನ್ನು ಗುರುತಿಸಿದನು. ಒಂದು, ಫಲವೇನೇ ಆದರೂ ನಂಬಿದ ತತ್ತ್ವದಂತೆ ನಡೆಯುವುದು. ಇನ್ನೊಂದು, ತನ್ನ ನಡೆಯ ಪರಿಣಾಮಗಳಿಗೆ ಹೊಣೆ ಹೊರುವುದು. ನೋಟಾ ಕುರಿತ ವಾದಗಳನ್ನು ಸ್ಥೂಲವಾಗಿ ಈ ಎರಡು ನೆಲೆಗಳಲ್ಲಿ ವಿಂಗಡಿಸಬಹುದು.

### ಕಡಿಮೆ ಕೆಟ್ಟವನನ್ನು ಆರಿಸುವುದರ ಪರ

ಚುನಾವಣೆಯಲ್ಲಿ ಯಾರಾದರೊಬ್ಬರು ಗೆದ್ದೇ ತೀರುತ್ತಾರೆ ಎಂಬುದು ಈ ವಾದದ ಮೂಲ. ಇಬ್ಬರು ಅಭ್ಯರ್ಥಿಗಳಲ್ಲಿ ಒಬ್ಬನಿಂದ ಆಗುವ ಹಾನಿ ಹೆಚ್ಚೆಂದು ತಿಳಿದಿದ್ದೂ ದೂರ ನಿಂತವನು ಆ ಹಾನಿಯ ಹೊಣೆಯಿಂದ ಪೂರ್ತಿ ಮುಕ್ತನಲ್ಲ. ದುರಾಡಳಿತದ ಬಿಸಿ ಮೊದಲು ತಟ್ಟುವುದು ಪಡಿತರ, ಸರ್ಕಾರಿ ಆಸ್ಪತ್ರೆ, ಶಾಲೆಗಳನ್ನು ಅವಲಂಬಿಸಿದವರಿಗೆ. ಆದುದರಿಂದ ತನ್ನ ಮನಸ್ಸಾಕ್ಷಿಯ ಶುದ್ಧಿಗಾಗಿ ಮತವನ್ನು ತಡೆಹಿಡಿಯುವುದರ ಬೆಲೆಯನ್ನು ಇತರರು ತೆರಬೇಕಾಗುತ್ತದೆ ಎಂದು ಈ ಪಕ್ಷದವರು ಹೇಳುತ್ತಾರೆ. ಮತ ನೀಡುವುದೆಂದರೆ ಅಭ್ಯರ್ಥಿಯ ಎಲ್ಲ ನಡೆಗಳನ್ನು ಮೆಚ್ಚಿದಂತಲ್ಲ, ಲಭ್ಯವಿರುವ ಸಾಧ್ಯತೆಗಳಲ್ಲಿ ಒಂದನ್ನು ಆರಿಸಿದಂತೆ ಮಾತ್ರ ಎಂಬುದೂ ಇವರ ನಿಲುವು.

ಫ್ರಾನ್ಸಿನ 2002ರ ಅಧ್ಯಕ್ಷೀಯ ಚುನಾವಣೆ ಇದಕ್ಕೆ ಪ್ರಸಿದ್ಧ ನಿದರ್ಶನ. ಮೊದಲ ಸುತ್ತಿನಲ್ಲಿ ಸಮಾಜವಾದಿ ಅಭ್ಯರ್ಥಿ ಲಿಯೊನೆಲ್ ಜೋಸ್ಪಾನ್ ಮೂರನೆಯ ಸ್ಥಾನಕ್ಕಿಳಿದಾಗ, ಬಲಪಂಥೀಯ ಜಾಕ್ ಶಿರಾಕ್ ಮತ್ತು ತೀವ್ರ ಬಲಪಂಥೀಯ ಜಾನ್-ಮರಿ ಲೆ ಪೆನ್ ಎರಡನೆಯ ಸುತ್ತಿನಲ್ಲಿ ಉಳಿದರು. ಶಿರಾಕ್‌ರನ್ನು ಬಹುಕಾಲ ವಿರೋಧಿಸಿದ್ದ ಎಡಪಂಥೀಯ ಮತದಾರರೂ ಅವರಿಗೇ ಮತ ನೀಡಿದ್ದರಿಂದ ಅವರು ಶೇ. 82ಕ್ಕೂ ಹೆಚ್ಚು ಮತ ಪಡೆದರು.

### ನಿರಾಕರಣೆಯ ಪರ

ಪ್ರತಿ ಸಲವೂ ಕಡಿಮೆ ಕೆಟ್ಟವನನ್ನು ಆರಿಸುತ್ತ ಹೋದರೆ, ಎದುರಾಳಿಗಿಂತ ತುಸು ಮೇಲಿದ್ದರೆ ಸಾಕೆಂಬ ಸಂದೇಶ ಪಕ್ಷಗಳಿಗೆ ರವಾನೆಯಾಗುತ್ತದೆ ಎಂಬುದು ನಿರಾಕರಣೆಯ ಪರವಾದ ಮುಖ್ಯ ವಾದ. ಖಚಿತವಾಗಿ ದೊರೆಯುವ ಮತಕ್ಕೆ ಚೌಕಾಶಿಯ ಬಲವಿಲ್ಲ. ಕೈತಪ್ಪಬಹುದಾದ ಮತಕ್ಕೆ ಮಾತ್ರ ಪಕ್ಷಗಳು ಬೆಲೆ ಕೊಡುತ್ತವೆ. ಜೊತೆಗೆ, ಗೆದ್ದವರು ತಮಗೆ ಬಂದ ಮತಗಳನ್ನು ಜನಾದೇಶವೆಂದೇ ಬಿಂಬಿಸಿಕೊಳ್ಳುತ್ತಾರೆ. ಮತದಾರನು ಮನಸ್ಸಿಲ್ಲದ ಮನಸ್ಸಿನಿಂದ ನೀಡಿದನೆಂಬುದು ಮತಯಂತ್ರದಲ್ಲಿ ದಾಖಲಾಗುವುದಿಲ್ಲ.

ಅಮೆರಿಕದ ಕಪ್ಪುಜನರ ಹಕ್ಕುಗಳಿಗಾಗಿ ಹೋರಾಡಿದ ಚಿಂತಕ ಡಬ್ಲ್ಯು.ಇ.ಬಿ. ಡುಬಾಯ್ಸ್ 1956ರಲ್ಲಿ 'ದಿ ನೇಷನ್' ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನದಲ್ಲಿ, ಆ ವರ್ಷದ ಅಧ್ಯಕ್ಷೀಯ ಚುನಾವಣೆಯಲ್ಲಿ ತಾವು ಮತ ನೀಡುವುದಿಲ್ಲವೆಂದು ಘೋಷಿಸಿದರು. ಅದಕ್ಕೂ ಮುನ್ನ ಹಲವು ಚುನಾವಣೆಗಳಲ್ಲಿ ಅವರು ಬೇರೆ ಬೇರೆ ಪಕ್ಷಗಳನ್ನು ಬೆಂಬಲಿಸಿದ್ದರು. ಎರಡು ಪ್ರಮುಖ ಪಕ್ಷಗಳ ನಡುವೆ ನಿಜವಾದ ಆಯ್ಕೆಯೇ ಉಳಿದಿಲ್ಲ ಎಂಬುದು ಅವರ ವಾದವಾಗಿತ್ತು.

### ಮಧ್ಯಮ ನಿಲುವುಗಳು

ಅಭ್ಯರ್ಥಿಯ ದೋಷದ ಸ್ವರೂಪವನ್ನು ನೋಡಿ ನಿರ್ಧರಿಸಬೇಕೆಂಬುದು ಮೂರನೆಯ ನಿಲುವು. ನೀತಿಯಲ್ಲಿನ ಭಿನ್ನಾಭಿಪ್ರಾಯ, ಅನುಭವದ ಕೊರತೆಗಳನ್ನು ಸಹಿಸಿಕೊಳ್ಳಬಹುದು. ಹಿಂಸೆ, ಮತಖರೀದಿ, ಗಂಭೀರ ಅಪರಾಧಗಳ ವಿಷಯದಲ್ಲಿ ರಾಜಿ ಕೂಡದು ಎಂದು ಇದನ್ನು ಒಪ್ಪುವವರು ಗಡಿ ಹಾಕುತ್ತಾರೆ. ಅಭ್ಯರ್ಥಿಗಳು ತಮ್ಮ ಮೇಲಿನ ಕ್ರಿಮಿನಲ್ ಪ್ರಕರಣಗಳು, ಆಸ್ತಿ, ಸಾಲ ಮತ್ತು ವಿದ್ಯಾರ್ಹತೆಯನ್ನು ಪ್ರಮಾಣಪತ್ರದಲ್ಲಿ ಘೋಷಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2002 ಮತ್ತು 2003ರಲ್ಲಿ ನೀಡಿದ ತೀರ್ಪುಗಳು ಇಂತಹ ಪರಿಶೀಲನೆಗೆ ಅಗತ್ಯವಾದ ಮಾಹಿತಿಯನ್ನು ಮತದಾರನಿಗೆ ಒದಗಿಸಿವೆ.

ಸಣ್ಣ ಪಕ್ಷ ಅಥವಾ ಪಕ್ಷೇತರ ಅಭ್ಯರ್ಥಿಗೆ ಮತ ನೀಡುವುದು ಮತ್ತೊಂದು ದಾರಿ. ನೋಟಾಕ್ಕಿಲ್ಲದ ಗೆಲ್ಲುವ ಸಾಧ್ಯತೆ, ಎಷ್ಟೇ ಕ್ಷೀಣವಾಗಿದ್ದರೂ, ಅದಕ್ಕಿದೆ. ಆದರೆ ಅತಿ ಹೆಚ್ಚು ಮತ ಪಡೆದವರೇ ಗೆಲ್ಲುವ ಪದ್ಧತಿಯಲ್ಲಿ ಅದೂ ಪ್ರಮುಖ ಅಭ್ಯರ್ಥಿಗಳ ಗೆಲುವನ್ನು ಪ್ರಭಾವಿಸಬಲ್ಲದು. 2000ದ ಅಮೆರಿಕದ ಅಧ್ಯಕ್ಷೀಯ ಚುನಾವಣೆಯಲ್ಲಿ ಫ್ಲಾರಿಡಾ ರಾಜ್ಯದ ಗೆಲುವಿನ ಅಂತರ 537 ಮತಗಳಷ್ಟಿದ್ದು, ಅಲ್ಲಿ ಗ್ರೀನ್ ಪಕ್ಷದ ರಾಲ್ಫ್ ನೇಡರ್ 97,000ಕ್ಕೂ ಹೆಚ್ಚು ಮತ ಪಡೆದಿದ್ದರು.

## ರಾಜ್ಯಸಭೆ ಮತ್ತು ಸ್ಥಳೀಯ ಸಂಸ್ಥೆಗಳು

ಚುನಾವಣಾ ಆಯೋಗವು 2014ರಲ್ಲಿ ರಾಜ್ಯಸಭಾ ಚುನಾವಣೆಗಳಿಗೂ ನೋಟಾವನ್ನು ವಿಸ್ತರಿಸಿತು. 2018ರ ಆಗಸ್ಟ್ 21ರಂದು ಸರ್ವೋಚ್ಚ ನ್ಯಾಯಾಲಯವು ಇದನ್ನು ರದ್ದುಪಡಿಸಿತು. ಶಾಸಕರು ಬಹಿರಂಗವಾಗಿ, ಪಕ್ಷದ ಶಿಸ್ತಿಗೆ ಒಳಪಟ್ಟು, ಏಕ ವರ್ಗಾವಣೀಯ ಮತ ಪದ್ಧತಿಯಲ್ಲಿ ಮತ ನೀಡುವ ಪರೋಕ್ಷ ಚುನಾವಣೆಗೆ ನೋಟಾ ಹೊಂದುವುದಿಲ್ಲ ಹಾಗೂ ಅದು ಪಕ್ಷಾಂತರಕ್ಕೆ ಎಡೆಮಾಡಿಕೊಡುತ್ತದೆ ಎಂದು ನ್ಯಾಯಾಲಯವು ಅಭಿಪ್ರಾಯಪಟ್ಟಿತು.

ಮಹಾರಾಷ್ಟ್ರ ಮತ್ತು ಹರಿಯಾಣ ರಾಜ್ಯ ಚುನಾವಣಾ ಆಯೋಗಗಳು 2018ರಲ್ಲಿ ಸ್ಥಳೀಯ ಸಂಸ್ಥೆಗಳ ಚುನಾವಣೆಗಳಲ್ಲಿ ನೋಟಾವನ್ನು 'ಕಾಲ್ಪನಿಕ ಅಭ್ಯರ್ಥಿ' ಎಂದು ಪರಿಗಣಿಸಲು ನಿರ್ಧರಿಸಿದವು. ಇದರಂತೆ ಎಲ್ಲ ಅಭ್ಯರ್ಥಿಗಳಿಗಿಂತ ನೋಟಾ ಹೆಚ್ಚು ಮತ ಪಡೆದರೆ ಮರುಚುನಾವಣೆ ನಡೆಸಬೇಕು.

## ಸುಧಾರಣೆಯ ಪ್ರಸ್ತಾಪಗಳು

ನೋಟಾಕ್ಕೆ 'ತಿರಸ್ಕರಿಸುವ ಹಕ್ಕಿನ' ಬಲ ನೀಡಬೇಕು, ಅಂದರೆ ನೋಟಾ ಮುನ್ನಡೆದರೆ ಚುನಾವಣೆ ರದ್ದಾಗಬೇಕು ಮತ್ತು ತಿರಸ್ಕೃತ ಅಭ್ಯರ್ಥಿಗಳು ಮರುಚುನಾವಣೆಯಲ್ಲಿ ಸ್ಪರ್ಧಿಸಬಾರದು ಎಂಬ ಬೇಡಿಕೆಯಿದೆ. ಈ ಸಂಬಂಧದ ಸಾರ್ವಜನಿಕ ಹಿತಾಸಕ್ತಿ ಅರ್ಜಿಗಳಲ್ಲಿ ಸರ್ವೋಚ್ಚ ನ್ಯಾಯಾಲಯವು 2021 ಮತ್ತು 2024ರಲ್ಲಿ ನೋಟಿಸ್ ಜಾರಿ ಮಾಡಿತು. ಆದರೆ ಭಾರತದ ಕಾನೂನು ಆಯೋಗವು 2015ರ ತನ್ನ 255ನೇ ವರದಿಯಲ್ಲಿ ತಿರಸ್ಕರಿಸುವ ಹಕ್ಕನ್ನು ಶಿಫಾರಸು ಮಾಡಲಿಲ್ಲ. ರಾಜಕಾರಣದ ಅಪರಾಧೀಕರಣವನ್ನು ತಡೆಯುವುದು, ಪಕ್ಷಗಳಲ್ಲಿ ಆಂತರಿಕ ಪ್ರಜಾಪ್ರಭುತ್ವವನ್ನು ತರುವುದು ಮುಂತಾದ ಕ್ರಮಗಳಿಂದಲೇ ಅದೇ ಉದ್ದೇಶವನ್ನು ಸಾಧಿಸಬಹುದೆಂಬುದು ಆಯೋಗದ ನಿಲುವಾಗಿತ್ತು. ಮರುಚುನಾವಣೆಯ ವೆಚ್ಚ ಮತ್ತು ಕ್ಷೇತ್ರವು ಪ್ರತಿನಿಧಿಯಿಲ್ಲದೆ ಉಳಿಯುವ ಅಪಾಯವನ್ನೂ ವಿರೋಧಿಗಳು ಮುಂದಿಡುತ್ತಾರೆ.

ಅವಿರೋಧ ಆಯ್ಕೆಯ ಪ್ರಶ್ನೆಯೂ ಇದಕ್ಕೆ ಸಂಬಂಧಿಸಿದೆ. ಕಣದಲ್ಲಿ ಒಬ್ಬರೇ ಉಳಿದರೆ ಜನಪ್ರಾತಿನಿಧ್ಯ ಕಾಯ್ದೆಯ 53(2) ಪ್ರಕರಣದಂತೆ ಮತದಾನವಿಲ್ಲದೆ ಅವರನ್ನು ಆಯ್ಕೆಯಾದವರೆಂದು ಘೋಷಿಸಲಾಗುತ್ತದೆ. 2024ರ ಲೋಕಸಭಾ ಚುನಾವಣೆಯಲ್ಲಿ ಸೂರತ್ ಕ್ಷೇತ್ರದ ಕಾಂಗ್ರೆಸ್ ಅಭ್ಯರ್ಥಿಯ ನಾಮಪತ್ರ ತಿರಸ್ಕೃತವಾಗಿ, ಉಳಿದವರು ನಾಮಪತ್ರ ಹಿಂಪಡೆದುದರಿಂದ ಭಾರತೀಯ ಜನತಾ ಪಕ್ಷದ ಮುಕೇಶ್ ದಲಾಲ್ ಹೀಗೆ ಆಯ್ಕೆಯಾದರು. ಮತದಾನವೇ ನಡೆಯದ ಕಾರಣ ಅಲ್ಲಿನ ಮತದಾರರಿಗೆ ನೋಟಾ ಬಳಸುವ ಅವಕಾಶವೂ ದೊರೆಯಲಿಲ್ಲ.

## ಇತರ ದೇಶಗಳಲ್ಲಿ

- ಅಮೆರಿಕ: ನೆವಾಡ ರಾಜ್ಯದಲ್ಲಿ 1976ರಿಂದ ಇಂತಹ ಆಯ್ಕೆಯಿದೆ, ಅದು ಮುಂದಿದ್ದರೂ ಅಭ್ಯರ್ಥಿಗಳಲ್ಲಿ ಹೆಚ್ಚು ಮತ ಪಡೆದವರೇ ಗೆಲ್ಲುತ್ತಾರೆ. 2024ರ ರಿಪಬ್ಲಿಕನ್ ಪಕ್ಷದ ಪ್ರಾಥಮಿಕ ಚುನಾವಣೆಯಲ್ಲಿ ಇಲ್ಲಿ ನಿಕ್ಕಿ ಹೇಲಿ ಅವರಿಗಿಂತ ಈ ಆಯ್ಕೆಗೇ ಹೆಚ್ಚು ಮತಗಳು ಬಿದ್ದವು.
- ಕೊಲಂಬಿಯ: ಖಾಲಿ ಮತಗಳು ಬಹುಮತ ಪಡೆದರೆ ಹೊಸ ಅಭ್ಯರ್ಥಿಗಳೊಂದಿಗೆ ಮರುಚುನಾವಣೆ ನಡೆಯುತ್ತದೆ. 2011ರಲ್ಲಿ ಬೆಯೊ ನಗರದ ಮೇಯರ್ ಚುನಾವಣೆಯಲ್ಲಿ ಹೀಗಾಯಿತು.
- ಫ್ರಾನ್ಸ್: 2014ರಿಂದ ಖಾಲಿ ಮತಗಳನ್ನು ಅಸಿಂಧು ಮತಗಳಿಂದ ಪ್ರತ್ಯೇಕವಾಗಿ ಎಣಿಸಲಾಗುತ್ತದೆ, ಫಲಿತಾಂಶದ ಮೇಲೆ ಅವುಗಳ ಪರಿಣಾಮವಿಲ್ಲ.
- ರಷ್ಯಾ: 'ಎಲ್ಲರ ವಿರುದ್ಧ' ಎಂಬ ಆಯ್ಕೆಯನ್ನು 2006ರಲ್ಲಿ ರಾಷ್ಟ್ರೀಯ ಚುನಾವಣೆಗಳಿಂದ ತೆಗೆದುಹಾಕಲಾಯಿತು.

## ಇವನ್ನೂ ನೋಡಿ

- ಭಾರತದ ಚುನಾವಣಾ ಆಯೋಗ
- ವಿದ್ಯುನ್ಮಾನ ಮತಯಂತ್ರ
- ಜನಪ್ರಾತಿನಿಧ್ಯ ಕಾಯ್ದೆ, 1951
- ಬೆಳಗಾವಿ ಕಾಂಗ್ರೆಸ್ ಅಧಿವೇಶನ